ದುರ್ಬಲ ಆಮ್ಲ

೧೪ ನವೆಂಬರ್ ೨೦೨೪, ಗುರುವಾರ. ಸೋಲಾಪುರ.

ಅಮೋಗಸಿದ್ಧ ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಡ್ರಮ್ ಉರುಳಿಸಿದವನು. ನಾನು ಅಲ್ಲಿಯ ಕೆಮಿಸ್ಟ್.

ಮಂಗಳವಾರ ಪೈಪು ಕಳಚಿ, ಕರಗಿಸಿದ ಫೀನಾಲ್ ಅವನ ಹೊಟ್ಟೆಯಿಂದ ತೊಡೆಯವರೆಗೂ ಚೆಲ್ಲಿತು. ಓಡಿ ಬಂದು, "ಸಾಹೇಬ್ರ, ಮೈಮ್ಯಾಲ ಆ್ಯಸಿಡ್ ಬಿದ್ದೈತಿ, ದವಾಖಾನಿಗಿ ಹೋಗ್ಲೇನ್ರಿ?" ಎಂದ.

ಬ್ಯಾಚ್ ಅರ್ಧಕ್ಕೆ ನಿಂತಿತ್ತು. ನಾನು ನಕ್ಕೆ. "ಇದು ಭಾಳ ಕಮಜೋರ ಆ್ಯಸಿಡ್ ಅದ. ಸೋಡಾ ಹಾಕಿದ್ರ ಬುರುಗು ಸುದ್ದಾ ಬರಂಗಿಲ್ಲ. ತೊಳ್ಕೊಂಡು ಕೆಲಸಕ್ಕ ಹತ್ತು."

ಉಳಿದವರೂ ನಕ್ಕರು. ಸ್ವಲ್ಪ ಹೊತ್ತಿಗೆ ಅವನೇ, "ಖರೇನ್ರಿ, ಉರಿ ನಿಂತೈತಿ," ಎಂದ. ಚರ್ಮ ಸುಣ್ಣದಂತೆ ಬೆಳ್ಳಗಾಗಿತ್ತು. ಫೀನಾಲ್ ಚರ್ಮದ ಪ್ರೋಟೀನನ್ನು ಹೆಪ್ಪುಗಟ್ಟಿಸಿ, ನರಗಳನ್ನು ಮರಗಟ್ಟಿಸಿ, ವಿಷವಾಗಿ ರಕ್ತಕ್ಕೆ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗಡಿಯಾರ ನೋಡಿದೆ. ಇನ್ನೂ ಮೂರು ಡ್ರಮ್ ಉಳಿದಿದ್ದವು. ಎರಡನೆಯದರ ಬಳಿ ಅವನು ಕುಸಿದು ಬಿದ್ದ.

ಇಂದು ಶವಾಗಾರದ ಮುಂದೆ, ಅವನ ಹಳ್ಳಿ ಹನ್ನೂರಿನಿಂದ ಬಂದ ಹೆಂಡತಿ ಸುಗಲಾಬಾಯಿ ಕೂತಿದ್ದಳು. ಗಾಯವಾದದ್ದನ್ನು ಅವನು ಯಾರಿಗೂ ತಿಳಿಸಲಿಲ್ಲ ಎಂದು ಮ್ಯಾನೇಜರ್ ನನ್ನಿಂದ ಕಾಗದ ಬರೆಸಿದ್ದರು. ಅದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಓದಿ ಹೇಳಲಿಲ್ಲ.

ಶಾಯಿಯನ್ನು ಸೆರಗಿಗೆ ಒರೆಸುತ್ತ, "ಅವರಿಗಿ ಭಾಳ ತ್ರಾಸ ಆಗಿತ್ತೇನ್ರಿ?" ಎಂದಳು.

"ಇಲ್ಲವ್ವ. ಏನೂ ಗೊತ್ತಾಗಿಲ್ಲ ಅವಗ."

"ನೀವರ ಅವರ ಬಾಜೂಕ ಇದ್ರಲ್ರಿ, ಅಷ್ಟ ಪುಣ್ಯ," ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು.

ನಾನು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತು.