ಮಿಯೋಕ್ ಸಾರಿಗೆ ಹತ್ತದ ದೀಪ

ಡೇಜಾನ್
ಮೇ ೩೦

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ‘ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ’ ಅನ್ನಬೇಡ. ಮೇ ತಿಂಗಳ ಬಿಸಿಲಲ್ಲೂ ಕಂಬಳಿ ಹೊದೆಯುತ್ತೀಯಂತೆ, ಕಡಲಪಾಚಿ ಒಣಹಾಕುತ್ತ ಕೂತಲ್ಲೇ ತೂಕಡಿಸುತ್ತೀಯಂತೆ, ದನಿಯೂ ಒಡೆದಿದೆಯಂತೆ. ಎಲ್ಲ ಮಿಸುನ್ ಅತ್ತೆ ಹೇಳಿದಳು. ಥೈರಾಯ್ಡ್ ಗ್ರಂಥಿಯನ್ನೇ ತೆಗೆಸಿಕೊಂಡವಳು ಮಾತ್ರೆ ನಿಲ್ಲಿಸಿ, ಹೊತ್ತು ಹೊತ್ತಿಗೂ ಮಿಯೋಕ್ ಪಾಚಿಯ ಸಾರು ಕುಡಿಯುತ್ತಿದ್ದೀಯಂತೆ. ಫೋನಿನಲ್ಲಿ ಕೇಳಿದರೆ ‘ಕಡಲೇ ಔಷಧಿ ಕೊಡ್ತಿರುವಾಗ ಡಬ್ಬೀದು ಯಾಕೆ? ಇಲ್ಲಿ ಸಿಗ್ನಲ್ ಇಲ್ಲ, ಇಡ್ತೀನಿ’ ಎಂದೆ. ಕಾಗದವನ್ನು ಹಾಗೆ ಇಟ್ಟುಬಿಡಲು ಆಗುವುದಿಲ್ಲ, ಕೂತು ಓದು. ನಿನ್ನನ್ನು ಕಳೆದುಕೊಳ್ಳುತ್ತೇನೆಂದು ನನಗೆ ನಿಜವಾಗಿಯೂ ಭಯವಾಗಿದೆ.

ಈಗ ಸುದ್ದಿ. ನಾನು ಗೆದ್ದೆ. ಮೊನ್ನೆ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಅಂದು ಬೆಳಿಗ್ಗೆ ನೀನು ಫೋನಿನಲ್ಲಿ ‘ಇವತ್ತೊಂದಿನ ಆ ಸಾರು ಮುಟ್ಬೇಡ ಕಣೇ, ಜಾರಿ ಬೀಳ್ತೀಯ’ ಎಂದಿದ್ದೆ. ಪರೀಕ್ಷೆಯ ದಿನ ಲೋಳೆಲೋಳೆ ಪಾಚಿ ತಿಂದವರು ಜಾರಿ ಫೇಲಾಗುತ್ತಾರೆಂದು ನಮ್ಮವರ ನಂಬಿಕೆಯಲ್ಲ. ನಾನು ಮುಟ್ಟಲಿಲ್ಲ, ಲ್ಯಾಬಿನಲ್ಲಿ ನಾನು ಬೆಳೆಸಿದ ಜೀವಕೋಶಗಳಿಗೆ ಮಾತ್ರ ಮೊದಲೇ ಕುಡಿಸಿದ್ದೆ. ನೀನು ಕಳಿಸಿದ ಪಾಚಿಯನ್ನೇ ಕುದಿಸಿ, ಸೋಸಿ, ಒಂದು ತಟ್ಟೆಗೆ ಹನಿಸಿದ್ದೆ. ಲ್ಯಾಬಿನ ಸೀನಿಯರ್ ಸಂಗ್‌ವು ‘ಪಾಪ, ಅವಕ್ಕೂ ಫೇಲಾಗೋ ಸಾರು ಬಡಿಸ್ತಿದೀಯಾ?’ ಎಂದು ನಕ್ಕಿದ್ದ. ಇನ್ನೊಂದು ತಟ್ಟೆಗೆ ನಿನ್ನ ಮಾತ್ರೆಯಲ್ಲಿರುವ ಹಾರ್ಮೋನನ್ನೇ ಕೊಟ್ಟೆ.

ಜೀವಕೋಶದ ನಡುವಿನ ಕೋಣೆಯಲ್ಲಿ ಜೀನುಗಳಿವೆಯಲ್ಲ, ಆ ಹಾರ್ಮೋನಿಗಾಗಿಯೇ ಕಾಯುವ ಒಂದು ಪ್ರೋಟೀನು, ನಾವು ಗ್ರಾಹಕ ಅನ್ನುತ್ತೇವೆ, ಅವುಗಳಲ್ಲಿ ಕೆಲವುಗಳ ಮೇಲೆ ಕೂತಿರುತ್ತದೆ. ಹಾರ್ಮೋನು ಬಾರದಿದ್ದರೆ ಅದು ಸುಮ್ಮನಿರುತ್ತದೆ ಎಂದುಕೊಂಡೆಯಾ? ಜೀನನ್ನು ಅದುಮಿ ಹಿಡಿದು, ಕೆಲಸ ಮಾಡಲು ಬಿಡುವುದೇ ಇಲ್ಲ. ಹಾರ್ಮೋನು ಬಂದು ಅಂಟಿಕೊಂಡರೆ ಗ್ರಾಹಕದ ಆಕಾರವೇ ಬದಲಾಗುತ್ತದೆ. ಆಗ ಅದುಮಲು ಕೈಜೋಡಿಸಿದ್ದ ಪ್ರೋಟೀನುಗಳನ್ನು ಓಡಿಸಿ, ಜೀನನ್ನು ಎಬ್ಬಿಸುವವುಗಳನ್ನು ಕರೆಯುತ್ತದೆ. ಜೀನು ಎದ್ದರೆ ಕೋಶ ಹಸಿರಾಗಿ ಮಿನುಗುವ ಹಾಗೆ ನಾನು ಅಣಿಮಾಡಿದ್ದೆ. ಬದುಕಿರುವ ಕೋಶಗಳಲ್ಲಿ, ನನ್ನ ಕಣ್ಣೆದುರೇ, ಹಾರ್ಮೋನಿನ ತಟ್ಟೆ ಬೆಳಗಿತು. ಸಾರಿನ ತಟ್ಟೆ ಕತ್ತಲಾಗಿಯೇ ಉಳಿಯಿತು. ಪಾಚಿಯ ಅಯೋಡಿನ್ ಅಕ್ಕಿ ಇದ್ದ ಹಾಗೆ ಅಮ್ಮಾ, ಅದನ್ನು ಹಾರ್ಮೋನಾಗಿ ಬೇಯಿಸುತ್ತಿದ್ದ ಒಲೆ ನಿನ್ನ ಗ್ರಂಥಿ. ಒಲೆಯನ್ನೇ ಕಿತ್ತುಹಾಕಿದ ಮೇಲೆ ಅನ್ನ ಎಲ್ಲಿಂದ ಬರಬೇಕು? ನಿನ್ನ ಮೈಯಲ್ಲಿ ಈಗ ಆ ಗ್ರಾಹಕ ಅದುಮಿಕೊಂಡೇ ಕೂತಿದೆ. ಚಳಿ, ತೂಕಡಿಕೆ ಎಲ್ಲ ಅದಕ್ಕೇ.

ಪರೀಕ್ಷಕರಲ್ಲಿ ಬಲು ಖಡಕ್ಕಾದ ತಾಕ್ ಮೇಷ್ಟ್ರು ಆ ಕತ್ತಲೆ ಚಿತ್ರ ನೋಡಿ ‘ಈ ಸಾರು ಯಾರಿಗಮ್ಮ?’ ಎಂದರು. ‘ನಮ್ಮಮ್ಮನಿಗೆ ಸಾರ್, ಹೇಳಿದ್ರೆ ನಂಬಲ್ಲ, ಅದಕ್ಕೆ’ ಎಂದೆ. ಕೊಠಡಿಯೆಲ್ಲ ನಕ್ಕಿತು, ಅವರು ನಗಲಿಲ್ಲ. ‘ಪ್ರಬಂಧದಿಂದ ಇದನ್ನ ತೆಗೀಬೇಡ’ ಎಂದು ಸಹಿ ಹಾಕಿದರು. ಹಿಗ್ಗಿ ಹೀರೇಕಾಯಿಯಾಗಿದ್ದೇನೆ. ನಾನು ಔಷಧಿ ಬರೆಯುವ ಡಾಕ್ಟರಲ್ಲ ನಿಜ, ಆದರೆ ನಿನ್ನನ್ನು ಬೈಯುವಷ್ಟು ಡಾಕ್ಟರ್ ಆಗಿದ್ದೇನೆ.

ಅತ್ತೆಗೆ ನನ್ನ ನೆನಪು ಹೇಳು. ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ ನಿನಗೆ ನಮಸ್ಕರಿಸಿದ್ದೇನೆ ಎಂದುಕೊ.

ನಿನ್ನ ಹಟಮಾರಿ ಮಗಳು,
ಸೇಬ್ಯೋಲ್

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆಯ ಫೋನ್ ಬಂತು. ನಾನು ನಿನ್ನೆ ನಿನ್ನ ಫೋನಿಗೆ ಕಳಿಸಿದ್ದ, ತಟ್ಟೆ ಹಸಿರಾಗಿ ಬೆಳಗುವ ವೀಡಿಯೊವನ್ನು ನಮ್ಮ ವಾಂಡೊ ದ್ವೀಪದ ಹೆಂಗಸರಿಗೆಲ್ಲ ತೋರಿಸಿ, ‘ನೋಡ್ರೇ, ನನ್ ಮಗ್ಳು ಹಚ್ಚಿದ್ ದೀಪ’ ಎಂದು ಮೆರೆದೆಯಂತೆ. ಆಮೇಲೆ ಯಾರಿಗೂ ಕಾಣದ ಹಾಗೆ ಒಳಗೆ ಹೋಗಿ ಮಾತ್ರೆ ನುಂಗಿದೆಯಂತೆ. ಅತ್ತೆ ಕಂಡುಬಿಟ್ಟಿದ್ದಾಳೆ. ಬರೆದ ಬೈಗುಳವನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ, ನಾಳೆಯ ಮಾತ್ರೆಗೆ ಇಟ್ಟುಕೊ.