ಮೂರು ಜಾಕೆಟ್

ಅಕ್ಟೋಬರ್ 19, 2013, ಶನಿವಾರ

ಬೈಕಿನ ಚೈನಿಗೆ ಎಣ್ಣೆ ಹಾಕಿ ಮುಗಿಸುವಷ್ಟರಲ್ಲಿ ಮೈಸೂರಿನಿಂದ ಇಲ್ಲಿ ಬ್ರಿಸ್ಬೇನಿಗೆ ಪಾರ್ಸೆಲ್. ನಾನು ಹೊಲಿಸಿದ ಮೂರು ಕಪ್ಪು ಜಾಕೆಟ್. ಬೆನ್ನ ಮೇಲೆ ಗಂಡಭೇರುಂಡ. ಎದೆಯ ಮೇಲೆ ಇಂಗ್ಲಿಷಿನಲ್ಲಿ ಹುದ್ದೆ — ವಸಂತಣ್ಣ ಪ್ರೆಸಿಡೆಂಟ್, ನಾನು ಸೆಕ್ರೆಟರಿ, ಡಾಕ್ಟರ್ ದೇವರಾಜ ಟ್ರೆಷರರ್. ಕನ್ನಡ ರೈಡರ್ಸ್ ಎಂದರೆ ಇರುವವರೇ ಮೂವರು. ಆದರೂ ಸಂಘ ಎಂದಮೇಲೆ ಪದಾಧಿಕಾರಿಗಳಿಲ್ಲದೆ ಆದೀತೇ! ಕವನಾಗೆ ಮಾತ್ರ ಇಷ್ಟವಾಗಲಿಲ್ಲ.

"ರೀ, ಟೀವಿ ನೋಡಿದ್ರಾ? ಬೈಕ್ ಗ್ಯಾಂಗ್‌ನೋರು ಮೂರು ಜನ ಒಟ್ಟಿಗೆ ಕಂಡ್ರೆ ಜೈಲಂತೆ. ಮಿನಿಸ್ಟರ್ ಹಲ್ಲು ಕಡೀತಿದಾನೆ."

ನಾವೇನು ಗ್ಯಾಂಗೇ? ನಕ್ಕುಬಿಟ್ಟೆ.

ನವೆಂಬರ್ 3, ಭಾನುವಾರ

ರಾಜ್ಯೋತ್ಸವದ ರೈಡ್. ಬ್ರಿಸ್ಬೇನ್ ದಾಟುವ ಮೊದಲೇ ಸರ್ವೋದಲ್ಲಿ, ಅಂದರೆ ಇಲ್ಲಿನ ಪೆಟ್ರೋಲ್ ಬಂಕಿನಲ್ಲಿ, ನಿಂತೆವು. ನಾಲ್ಕು ಪೊಲೀಸ್ ಕಾರು ಸುತ್ತುವರಿದವು. ಎರಡು ತಲೆಯ ಹಕ್ಕಿಯ ಫೋಟೋ ತೆಗೆದರು. ಯಾವ ಗ್ಯಾಂಗು? ಪ್ರೆಸಿಡೆಂಟ್ ಯಾರು? ವಸಂತಣ್ಣ ಸಂಘದ ಸಭೆಯಲ್ಲಿ ಎದ್ದು ನಿಲ್ಲುವ ಹಾಗೆ ಕೈ ಎತ್ತಿದರು. ಅಯ್ಯೋ... ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿ ಜಾಕೆಟ್ ಕಿತ್ತುಕೊಂಡರು. ನನ್ನ ವೀಸಾ ವಿವರವನ್ನೂ ಬರೆದುಕೊಂಡರು. ಇಲ್ಲೇ ನೆಲೆಸಲು ಹಾಕಿದ ಪಿಆರ್ ಅರ್ಜಿ ಇನ್ನೂ ಇಲಾಖೆಯಲ್ಲಿದೆ.

ನವೆಂಬರ್ 5

ಟೀವಿಯಲ್ಲಿ ಮತ್ತೆ ಮಂತ್ರಿ. ಬೇರುಸಹಿತ ಕೀಳುತ್ತಾನಂತೆ. ತಪ್ಪು ಮಾಡದವರು ಹೆದರಬೇಕಿಲ್ಲವಂತೆ. ಟೀವಿ ಆರಿಸಿದೆ.

ನವೆಂಬರ್ 8, ಸಂಜೆ

ಕರೆದರು. ಒಬ್ಬನೇ ಠಾಣೆಗೆ ಹೋಗಿ ಬಂದೆ. ಆಫೀಸರ್ ಕಾಫಿ ಕೊಟ್ಟ, ಮೆತ್ತಗೆ ಕೇಳಿದ — ಇದೆಲ್ಲ ಯಾರ ಯೋಜನೆ? ಜಾಕೆಟ್ ಯಾರು ಮಾಡಿಸಿದ್ದು? ಅಂದಹಾಗೆ, ನಿಮ್ಮ ಪಿಆರ್ ಎಲ್ಲಿಗೆ ಬಂತು?

ಎಲ್ಲವೂ ವಸಂತಕುಮಾರ್ ಎಂದೆ. ಜಾಕೆಟ್ಟೂ ಅವರೇ, ಹಕ್ಕಿಯೂ ಅವರೇ. ಅವರು ಹೇಳಿದಂತೆ ನಾವು ಕೇಳುತ್ತೇವೆ ಎಂದೂ ಸೇರಿಸಿದೆ. ಟೈಪ್ ಮಾಡಿ ಮುಂದಿಟ್ಟ. ಸಹಿ ಹಾಕಿದೆ. ಹೇಡಿ ನಾನು. ಕವನಾಗೆ ಹೇಳಿಲ್ಲ.

ನವೆಂಬರ್ 27

ದೇವರಾಜ ಅಡಿಲೇಡ್‌ಗೆ ಹೋಗಿಬಿಟ್ಟ. ಫೋನ್ ನಂಬರೂ ಬದಲು. ಪರ್ತ್‌ನಿಂದ ನನ್ನ ಷಡ್ಡಕ ಅಭಿಷೇಕ — "ನಮ್ಮ ಕ್ಯಾನಿಂಗ್ ವೇಲ್ ಬಡಾವಣೆಗೇ ಬಂದ್ಬಿಡಿ, ಮನೆ ಇದೆ" ಎನ್ನುತ್ತಾನೆ. ವಸಂತಣ್ಣ ಬಂದರಿನೊಳಗೆ ಕೆಲಸಕ್ಕೆ ಹೋಗಲು ಬೇಕಾದ ಪಾಸ್ ರದ್ದಾಯಿತು. ಹದಿನಾಲ್ಕು ವರ್ಷದ ಕೆಲಸ ಹೋಯಿತು. ಮೇಲೆ ಗ್ಯಾಂಗಿನ ಮುಖಂಡ ಎಂದು ಕೇಸು. ಬೀದಿಯಲ್ಲಿ ಕಾರೊಂದು ನಿಧಾನವಾದರೂ ಎದ್ದು ಹೋಗಿ ಪರದೆ ಸರಿಸಿ ನೋಡುತ್ತೇನೆ.

ಡಿಸೆಂಬರ್ 3

ವಸಂತಣ್ಣ ಬಂದಿದ್ದರು. ತೀರಾ ಇಳಿದುಹೋಗಿದ್ದಾರೆ.

"ಪಂಚೂ, ಜಾಕೆಟ್ ನಿನ್ ಐಡಿಯಾ, ಬರೀ ತಮಾಷೆಗೆ ಅಂತ ನನ್ ಲಾಯರ್ ಮುಂದೆ ಒಂದ್ ಮಾತು ಹೇಳಪ್ಪ. ಯಾರೋ ನನ್ ಮೇಲೆ ಬರ್ಕೊಟ್ಟಿದಾರೆ. ಗುರುವಾರ ಕೇಸಿನ ಪೇಪರ್ ಕೈಗ್ ಬರುತ್ತೆ, ಹೆಸರು ಗೊತ್ತಾಗುತ್ತೆ. ದೇವರಾಜನೇ ಇರ್ಬೇಕು, ಅಲ್ವಾ?"

ಹೂಂ ಎಂದೆ. ಎರಡಕ್ಕೂ.

ಡಿಸೆಂಬರ್ 5, ಗುರುವಾರ, ಸಂಜೆ 4:10

ಹೊರಗೆ ಅವರ ಕಾರು. ಇಳಿದರು. ಕೈಯಲ್ಲಿ ಕಾಗದ. ನಾನು ಒಳಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

"ಬನ್ನಿ ವಸಂತಣ್ಣ, ಕಾಫಿ ಮಾಡ್ತೀನಿ" — ಕವನಾ.

"ಬೇಡಮ್ಮ. ಪಂಚಾಕ್ಷರಿಯವರು ಇದಾರಾ?"

ನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಹೀಗೆ ಕರೆದಿರಲಿಲ್ಲ. ಕವನಾ ಕೂಗುತ್ತಿದ್ದಾಳೆ. ಪಿಆರ್‌ಗಾಗಿ ಎನ್ನಲೇ? ಹೆದರಿದೆ ಎನ್ನಲೇ? ಇಲ್ಲ, ಮೊದಲು ಹೋಗಿ ಅವರ ಕಾಲಿಗೆ—