ಬಾವು ಇಳಿಯುವ ಮೊದಲು ಹೊತ್ತ ಹರಕೆ

ಕುರ್ಲಾ, ಮುಂಬೈ
೧೨ ನವೆಂಬರ್ ೨೦೨೪, ಮಂಗಳವಾರ

ದಾನಕ್ಕನಿಗೆ ನಿನ್ನ ತಂಗಿ ಭುವನಾಳ ನಮಸ್ಕಾರ. ಎಲ್ಲರೂ ಅರಾಮ ಇದ್ದೇವೆ ಅಂತ ಬರೆಯಬೇಕು. ಆದರೆ ನನಗೆ ಅರಾಮ ಇಲ್ಲ.

ನಸುಕಿನಲ್ಲಿ ಕೆಟ್ಟ ಕನಸು ಬಿತ್ತು. ತಿರುಪತಿಯಲ್ಲಿ ಮುಡಿ ಕೊಡುವ ಜಾಗದಲ್ಲಿ ನಾನು, ಇವರು ಇಬ್ಬರೂ ಕೂತಿದ್ದೆವು. ಕ್ಷೌರದವನು ನೀರು ಚಿಮುಕಿಸಿದ್ದು ಇವರ ತಲೆಗಲ್ಲ, ನನ್ನ ತಲೆಗೆ. ನನ್ನದಲ್ಲಪ್ಪಾ, ಇವರದು ಅಂದೆ. ‘ಬಾವು ತಾನಾಗೇ ಇಳಿತದ ಅಂತ ನಿನಗ ಗೊತ್ತಿತ್ತಲ್ಲವಾ, ಮತ್ತ ಹರಕಿ ಯಾರದು?’ ಅಂದ. ಇವರು ಮಗ್ಗುಲಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಿದ್ದರು. ಎಚ್ಚರಾದ ಕೂಡಲೇ ನನ್ನ ತಲೆ ಮುಟ್ಟಿ ನೋಡಿಕೊಂಡೆ.

ಫೋನಿನಲ್ಲಿ ಹೇಳೋಣ ಅಂದರೆ ಇರುವುದು ಒಂದೇ ಖೋಲಿ, ಅತ್ತೆಯ ಕಿವಿ ನಿನಗೆ ಗೊತ್ತು. ಅದಕ್ಕೆ ಊರಿಗೆ ಬರುತ್ತಿರುವ ಗುರುಬಸವಣ್ಣನ ಕೈಯಲ್ಲಿ ಈ ಪತ್ರ. ಆರನೇತ್ತಕ್ಕೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನಮ್ಮ ಮನೆಯವರು, ನಿನ್ನ ಮೈದುನ ಕಾಶಿನಾಥ ಸಾಹೇಬರು, ತಲೆಗೆ ಕೂದಲು ನೆಡಿಸಿಕೊಂಡಿದ್ದಾರೆ. ಕಾಂದಿವಲಿಯ ಕಾರ್ಖಾನೆಯಲ್ಲಿ ಮಷಿನ್ ಬಿಟ್ಟು ಗಿರಾಕಿಗಳ ಜೊತೆ ಮಾತಾಡುವ ಕೆಲಸ ಸಿಕ್ಕಿದೆ, ಬೋಳುತಲೆ ನಡೆಯುವುದಿಲ್ಲವಂತೆ. ಹಿಂದಲೆಯ ಕೂದಲು ಕಿತ್ತು ಮುಂದೆ ನೆಡುತ್ತಾರೆ, ನಮ್ಮ ಹೊಲದಲ್ಲಿ ಮೆಣಸಿನ ಸಸಿ ಕಿತ್ತು ಹಚ್ಚಿದ ಹಾಗೆ.

ನನ್ನ ಕೂದಲು ನಿನಗೆ ನೆನಪಿದೆಯಲ್ಲ ಅಕ್ಕ. ಡೆಂಗಿ ಬಂದು ಇವರು ಸಯನ್ನಿನ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಾಗ ನಾನೇ ಹರಕೆ ಹೊತ್ತು, ಸೊಂಟ ಮುಟ್ಟುತ್ತಿದ್ದ ಜಡೆಯನ್ನು ತಿಮ್ಮಪ್ಪನಿಗೆ ಕೊಟ್ಟು ಬಂದೆ. ಹೆಂಗಸರಿಗೆ ಮೂರು ಕತ್ತರಿ ಕೂದಲು ಕೊಟ್ಟರೂ ನಡೆಯುತ್ತದೆ ಅಂತ ಅಲ್ಲಿ ಯಾರೋ ಅಂದರು. ಜೀವ ಪೂರ್ತಿ ಕೊಟ್ಟಾನ, ನಾನೂ ಪೂರ್ತಿ ಕೊಡ್ತೀನಿ ಅಂದೆ. ತಿರುಗಿ ಬಂದಾಗ ಕುರ್ಲಾ ಸ್ಟೇಷನ್ನಿನಲ್ಲಿ ಇವರು ನನ್ನಿಂದ ರೈಲಿನ ಒಂದು ಡಬ್ಬಿಯಷ್ಟು ದೂರ ನಡೆದರು. ಮತ್ತೆ ಬಂದ ಕೂದಲು ಅರ್ಧ ಬಿಳಿ, ಅರ್ಧ ಇಲ್ಲ.

ಅದನ್ನೂ ನುಂಗಿಕೊಂಡಿದ್ದೆ. ಕೂದಲು ನೆಟ್ಟ ದಿನ ಕ್ಲಿನಿಕ್ಕಿನಲ್ಲಿ ವಸಂತಿ ಅಂತ ಉಡುಪಿ ಕಡೆಯ ನರ್ಸು, ಕನ್ನಡದವಳು ಅಂತ ಪ್ರೀತಿಯಿಂದ ಕೂಡಿಸಿಕೊಂಡು ಎಲ್ಲ ಹೇಳಿದಳು. ದಿಂಬು ಎತ್ತರ ಇಡಿ, ಬಗ್ಗಲಿಕ್ಕೆ ಬಿಡಬೇಡಿ, ಐಸು ಹಣೆಗೆ ಮಾತ್ರ, ನೆಟ್ಟ ಜಾಗಕ್ಕೆ ತಾಗಿಸಬೇಡಿ. ಆಮೇಲೆ ಅಂದಳು, ‘ಮೂರನೇ ದಿನಕ್ಕೆ ಬಾವು ಹಣೆಯಿಂದ ಕಣ್ಣಿಗೆ ಇಳೀತದೆ. ಹೆದರ್ಲಿಕ್ಕೆ ಏನಿಲ್ಲ, ತನ್ನಷ್ಟಕ್ಕೆ ಹೋಗ್ತದೆ. ನಿಮ್ಮ ತಮ್ಮನಿಗೆ ಹೇಳಿ ಅಕ್ಕ.’

ತಮ್ಮ ಯಾರು ಅಂತ ಕೇಳಿದೆ. ಅವಳು ಕಾಗದ ನೋಡಿ, ಕಾಶಿನಾಥ ಅವರೇ ಅಲ್ಲವಾ, ಊರಿಂದ ಅಕ್ಕ ಬಂದಿದ್ದಾರೆ ಅಂದರಲ್ಲ ಅಂದಳು.

ದಾನಕ್ಕ, ನನಗೆ ತಮ್ಮ ಇಲ್ಲ. ಇಲ್ಲದವನಿಗೆ ಏನು ಹೇಳಲಿ? ಹೇಳಲಿಲ್ಲ.

ಮೂರನೇ ದಿನ ಬೆಳಗಾದರೆ ಇವರ ಕಣ್ಣು ಎರಡೂ ಮುಚ್ಚಿ ಹೋಗಿದ್ದವು, ಮುಖ ಊದಿ ಹಲಸಿನ ಹಣ್ಣಾಗಿತ್ತು. ‘ಕುರುಡಾದೆ, ಯವ್ವಾ’ ಅಂತ ಗೋಡೆ ಹಿಡಿದು ಕೂತರು. ಅತ್ತೆ ಹಾಲವ್ವ ಎದೆ ಬಡಿದುಕೊಂಡಳು. ಕ್ಲಿನಿಕ್ಕಿಗೆ ಫೋನ್ ಹಚ್ಚು ಅಂದರು. ಲೈನ್ ಹತ್ತವಲ್ದು ಅಂದೆ. ಹಚ್ಚಿದ್ದರೆ ತಾನೇ. ಒಂದು ಗಳಿಗೆ ನನಗೇ ಹೆದರಿಕೆ ಬಂತು, ನರ್ಸು ಹೇಳಿದ್ದು ಸುಳ್ಳಾಗಿ ಕಣ್ಣು ನಿಜಕ್ಕೂ ಹೋದರೆ? ಆದರೂ ಬಾಯಿ ಬಿಡಲಿಲ್ಲ.

‘ದೇವರಿಗೆ ಏನರೆ ಬೇಡ್ಕೊಳ್ಳ ಭುವನಾ’ ಅಂದರು. ‘ನಾ ಬೇಡ್ಕೊಂಡ್ರ ಮತ್ತ ನಾನೇ ಕೊಡಬೇಕಾಗ್ತದ. ನನ್ನ ಹಂತೇಲಿ ಕೊಡಾಕ ಇನ್ನೇನೈತ್ರಿ? ಈ ಸಲ ನೀವ ಬಾಯಿಬಿಟ್ಟು ಹೇಳ್ರಿ’ ಅಂದೆ. ಅತ್ತೆ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಇಟ್ಟು ಮಗನ ಕೈಗೆ ಕೊಟ್ಟಳು. ‘ಕಣ್ಣು ಕೊಡು ತಂದೆ, ಈ ತಲಿ ತುಂಬಿದ ಮ್ಯಾಲೆ ನಿನಗ ಮುಡಿ ಕೊಡ್ತೀನಿ’ ಅಂದರು. ಗಂಟು ಕಟ್ಟಿದ್ದು ಅತ್ತೆ, ದೇವರ ಮಾಡದ ಮೇಲಿನ ಮೊಳೆಗೆ ತೂಗುಹಾಕಿದ್ದೂ ಅತ್ತೆಯೇ. ನಾನು ಮುಟ್ಟಲಿಲ್ಲ.

ಬಾವು ಇಳಿಯಿತು. ಕಣ್ಣು ಬಿಟ್ಟವರು ಮೊದಲು ನೋಡಿದ್ದು ಕನ್ನಡಿ, ಆಮೇಲೆ ಆ ಗಂಟು.

ಈಗ ಉಳಿದದ್ದು ಜೋಮು. ನಡುನೆತ್ತಿಯಿಂದ ಹಿಂದಲೆಯವರೆಗೆ ಮುಟ್ಟಿದರೆ ಗೊತ್ತಾಗುವುದಿಲ್ಲ, ಯಾರದೋ ತಲೆ ಹೊತ್ತಂಗ ಆಗ್ತದ ಅನ್ನುತ್ತಾರೆ. ನಿನ್ನೆ ನೆತ್ತಿಯ ಮೇಲೆ ನೊಣ ಕೂತಿತ್ತು, ಇವರಿಗೆ ಅರಿವಿಲ್ಲ. ನಾನು ನೋಡುತ್ತ ನಿಂತೆ. ಕೂರಲಿ, ನನಗೂ ಇಷ್ಟು ದಿನ ಯಾರಿಗೂ ಕಾಣದ ಹಾಗೆ ಕಚ್ಚಿದ್ದು ಸಾಕಷ್ಟಿದೆ ಅನ್ನಿಸಿತು. ಮರುಗಳಿಗೆಗೆ ಸೆರಗು ಬೀಸಿ ಓಡಿಸಿದೆ. ಹುಣ್ಣಾದರೆ ಕೂದಲು ಹತ್ತುವುದಿಲ್ಲ. ಹತ್ತದಿದ್ದರೆ ತಿಮ್ಮಪ್ಪನಿಗೆ ಕೊಡುವುದೇನು?

ಅದಕ್ಕೇ ಅಕ್ಕ, ಇವರನ್ನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಿದ್ದೇನೆ. ನೆಟ್ಟ ಜಾಗಕ್ಕೆ ನೀರು ಸಿಂಪಡಿಸುತ್ತೇನೆ, ಬಿಸಿನೀರು ಹತ್ತಿರ ಬಿಡುವುದಿಲ್ಲ, ನಿದ್ದೆಯಲ್ಲಿ ಕೈ ತಲೆಗೆ ಹೋದರೆ ಹಿಡಿದು ಇಳಿಸುತ್ತೇನೆ. ‘ಇಂಥಾ ಸೊಸಿ ಯಾ ಪುಣ್ಯಕ್ಕ ಸಿಕ್ಕಳೋ’ ಅಂತ ಅತ್ತೆ ಚಾಳಿನ ತುಂಬ ಹೇಳಿಕೊಂಡು ಬಂದಿದ್ದಾಳೆ. ಮೊದಲು ಒಮ್ಮೆ ಉದುರಿ ಆಮೇಲೆ ಬರುತ್ತದಂತೆ, ವರ್ಷದಲ್ಲಿ ತಲೆ ತುಂಬುತ್ತದಂತೆ. ಕಾಯುತ್ತೇನೆ. ಬೋಳಿಸಿದ ತಲೆ ಹೊತ್ತು ಇವರು ಕುರ್ಲಾದಲ್ಲಿ ಇಳಿದಾಗ ನಾನು ದೂರ ನಡೆಯುವುದಿಲ್ಲ, ಕೈ ಹಿಡಿದುಕೊಂಡೇ ನಡೆಯುತ್ತೇನೆ. ಯಾರಾದರೂ ಕೇಳಿದರೆ, ಇವ ನನ್ನ ತಮ್ಮ ಅನ್ನುತ್ತೇನೆ.

ಗೊತ್ತಿದ್ದೂ ಹೇಳದೆ ಹೊರಿಸಿದ ಹರಕೆಯನ್ನು ದೇವರು ಲೆಕ್ಕಕ್ಕೆ ಹಿಡಿಯುತ್ತಾನೋ ಇಲ್ಲವೋ, ಅದೊಂದೇ ಕೊರೆಯುತ್ತಿದೆ. ಓದಿ ಒಲೆಗೆ ಹಾಕು.

ನಿನ್ನ ತಂಗಿ, ಯಾರ ಅಕ್ಕನೂ ಅಲ್ಲದ
ಭುವನೇಶ್ವರಿ

ತಾ.ಕ.: ಇವರು ನಿನ್ನೆ ಮೆಲ್ಲಗೆ ಅತ್ತೆಯನ್ನು ಕೇಳುತ್ತಿದ್ದರು, ಮೂರು ಕತ್ತರಿ ಕೊಟ್ಟರೆ ನಡೆಯುವುದಿಲ್ಲವಾ ಅಂತ. ‘ಕಣ್ಣು ಕೊಟ್ಟ ದೇವರಿಗೆ ಕತ್ತರಿ ತೋರಸ್ತಿಯೇನಲೇ?’ ಅಂದಳು ಅತ್ತೆ. ಆದರೂ ಮಗ, ಒಂದು ದಿನ ಕರಗಿಯಾಳು. ನಿಮ್ಮ ಓಣಿಯ ಶರಣು ಪ್ರತಿ ವರ್ಷ ಮಂದಿಯನ್ನು ತಿರುಪತಿಗೆ ಕರೆದುಕೊಂಡು ಹೋಗುತ್ತಾನಲ್ಲ, ಮೂರು ಕತ್ತರಿ ಹೆಂಗಸರಿಗೆ ಮಾತ್ರವೋ ಗಂಡಸರಿಗೂ ಉಂಟೋ, ಅವನನ್ನು ಸರಿಯಾಗಿ ಕೇಳಿ ನೋಡು. ಗಂಡಸರಿಗೂ ಉಂಟು ಅಂದರೆ ಫೋನ್ ಮಾಡಬೇಡ.